ಗುರುಸಿದ್ದಯ್ಯನ ಹುಲ್ಲಿನ ಗುಡ್ಡ

ತಿಪ್ಪಸಂದ್ರದ ಗುರುಸಿದ್ದಯ್ಯನಷ್ಟು ಚೊಕ್ಕವಾಗಿ ರಾಗಿಹುಲ್ಲಿನ ಮೆದೆ ಒಟ್ಟುವವರು ನಮ್ಮ ಸೀಮೆಯಲ್ಲೇ ಇಲ್ಲ. ಒಂದು ಹನಿ ಮಳೆ ಒಳಗಿಳಿಯಬಾರದು, ಹಾಗೆ ನೆತ್ತಿ ದುಂಡಗೆ ಮಾಡುತ್ತಾನೆ. ಆ ಹಾಳು ಅಚ್ಚುಕಟ್ಟೇ ಅವನಿಗೆ ಮುಳುವಾಯಿತು.

ಕಲ್ಲು ಸಿಡಿಸುವವರಿಂದ ಗುಡ್ಡಗಳನ್ನು ಉಳಿಸಬೇಕೆಂದು ಯೋಜನಾ ಕಚೇರಿಯವರು ಆಕಾಶದಿಂದ ಫೋಟೋ ತೆಗೆಸಿ ನಕ್ಷೆ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಮೇಲಿನಿಂದ ನೋಡಿದ ಪುಣ್ಯಾತ್ಮರಿಗೆ ಗುರುಸಿದ್ದಯ್ಯನ ಮೆದೆಯೂ ಗುಡ್ಡದ ಹಾಗೆ ಕಂಡಿತು. ಹಸಿರು ಬಳಿದು, ನಂಬರು ಕೊಟ್ಟು, 'ಸಂರಕ್ಷಿತ ಗುಡ್ಡ' ಎಂದು ಬರೆದೇಬಿಟ್ಟರು.

ಶ್ರಾವಣದಲ್ಲಿ ಸೌಮ್ಯಶ್ರೀ ಎಂಬ ಅಧಿಕಾರಿ ಗುಡ್ಡ ನೋಡಲು ಬಂದರು. ಅಷ್ಟರಲ್ಲಿ ಮೆದೆ ಮುಗಿದು ನೆಲ ಬೋಳಾಗಿತ್ತು. ಗುಡ್ಡ ಎಲ್ಲಿ ಎಂದು ಕೇಳಿದರು.

“ನಾನೇ ಒಸಿ ಒಸಿ ಕಿತ್ತು ನಮ್ಮ ಗೌರಿಗೆ ಹಾಕ್ಬುಟ್ಟೆ, ಮೇಡಮ್ಮೋರೆ,” ಅಂದ ಗುರುಸಿದ್ದಯ್ಯ. ಗೌರಿ ಅಂದರೆ ಅವನ ಹಸು.

ಆಕೆ ನಗಲಿಲ್ಲ. ಅಕ್ರಮ ಗಣಿಗಾರಿಕೆ ಎಂದು ನೋಟಿಸು ಕೊಟ್ಟರು. ಗುಡ್ಡವನ್ನು ಇದ್ದ ಜಾಗದಲ್ಲೇ, ಇದ್ದ ಎತ್ತರಕ್ಕೇ ನಿಲ್ಲಿಸದಿದ್ದರೆ ಜಮೀನು ಜಪ್ತಿ. ಅದು ಹುಲ್ಲು ಸ್ವಾಮಿ ಎಂದು ಇವನು ಕಚೇರಿಗೆ ಮೂರು ಸಲ ಅಲೆದ. ನಕ್ಷೆ ತಿದ್ದುವುದು ಹತ್ತು ವರ್ಷಕ್ಕೊಮ್ಮೆ ಅಂದರು.

ಸುಗ್ಗಿ ಮುಗಿದ ಮೇಲೆ ಅದೇ ಜಾಗದಲ್ಲಿ ಮೆದೆ ಒಟ್ಟಿದ. ಮೇಡಂ ಟೇಪು ಹಿಡಿದು ಅಳೆದು, ಸಂತೋಷಪಟ್ಟು, ಇನ್ನು ಒಂದು ಎಳೆಯನ್ನೂ ಕೀಳಕೂಡದೆಂದು ಬೋರ್ಡು ನೆಡಿಸಿ ಹೋದರು. ವರ್ಷದ ಮೇವೆಲ್ಲ ಅದರಲ್ಲೇ ಇತ್ತು! ಹೆಂಡತಿ ಗಿರಿಜಾಂಬ ಬೇಲಿಯ ಸೊಪ್ಪು ತಂದು ಹಾಕಿದಳು. ಅದೂ ಮುಗಿಯಿತು. ಮೇವಿನ ಎದುರಿಗೇ ಗೌರಿಯ ಪಕ್ಕೆಲುಬು ಎದ್ದವು. ಉಪವಾಸ ಕೆಡವುವುದಕ್ಕಿಂತ ಮಾರಿಬಿಡೋಣ ಎಂದು ಗಿರಿಜಾಂಬ ಅತ್ತಳು.

ಮಾರನೆಯ ದಿನ ಮೇಡಂ ತಪಾಸಣೆಗೆ ಬಂದು ನಿಂತಿದ್ದಾಗಲೇ ಗೌರಿ ಹಗ್ಗ ಕಿತ್ತುಕೊಂಡು ಓಡಿ ಬಂದು ಗುಡ್ಡಕ್ಕೆ ಬಾಯಿ ಹಾಕಿತು. ಗುರುಸಿದ್ದಯ್ಯ ಹಗ್ಗ ಹಿಡಿಯಲು ಓಡಿದ. ಮೇಡಂ ಹಸುವಿನ ಪಕ್ಕೆ ನೋಡಿದರು, ನಿಯಮದ ಪುಸ್ತಕ ತಿರುವಿದರು. ಮನುಷ್ಯ ಕಿತ್ತರೆ ಗಣಿಗಾರಿಕೆ. ಗಾಳಿ, ಮಳೆ, ಪ್ರಾಣಿಗಳಿಂದಾದರೆ ಸ್ವಾಭಾವಿಕ ಸವಕಳಿ, ಅಪರಾಧವಲ್ಲ. ಹಾಗೆಂದೇ ಬರೆದು ಸಹಿ ಹಾಕಿದರು.

ಈಗ ದಿನಾ ಬೆಳಿಗ್ಗೆ ಗಿರಿಜಾಂಬ ಹಗ್ಗ ಬಿಚ್ಚುತ್ತಾಳೆ. ಗುರುಸಿದ್ದಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೋರ್ಡಿನ ಪಕ್ಕ ನಿಲ್ಲುತ್ತಾನೆ.

“ಹೋಗವ್ವ ಗೌರಿ, ಒಸಿ ಸವೆಸ್ಬುಟ್ಟು ಬಾ,” ಅನ್ನುತ್ತಾನೆ.