ಅಜ್ಜಾವರದ ಸೇವಂತಿ ವಕೀಲರನ್ನು ಹುಡುಕಿದ್ದು

ಸುಳ್ಯ ಪೇಟೆಯಿಂದ ಸ್ವಲ್ಪ ಹೊರಗೆ, ಹಿಂದೆ ಗ್ಯಾರೇಜ್ ಆಗಿದ್ದ ಒಂದು ಶೆಡ್ಡಿನಲ್ಲಿ ಶ್ರೀಶರು ಅಡಿಕೆ ಹಾಳೆಯ ತಟ್ಟೆ ಮಾಡಿಸುತ್ತಿದ್ದರು. ಆರು ಮಿಷನ್, ಏಳು ಜನ ಕೆಲಸದವರು. ಅಜ್ಜಾವರದ ಸೇವಂತಿ ಅಲ್ಲಿ ಆರು ವರ್ಷ ದುಡಿದವಳು. ನೆನೆದ ಹಾಳೆಯನ್ನು ಉಜ್ಜಿ ತೊಳೆದು, ಬಿಸಿ ಅಚ್ಚಿನ ಮೇಲೆ ಹಾಸಿ, ಎರಡು ಕೈಯಲ್ಲಿ ಎರಡು ಬಟನ್ ಒತ್ತಿದರೆ ಮೇಲಿನ ಅಚ್ಚು ಇಳಿದು ತಟ್ಟೆಯಾಗುತ್ತದೆ. ಹಾಳೆ ಸೀಳದ ಹಾಗೆ ಹಾಸುವುದರಲ್ಲಿ ಅವಳಷ್ಟು ಚುರುಕಿನ ಕೈ ಅಲ್ಲಿ ಇನ್ನೊಂದು ಇರಲಿಲ್ಲ. ಹೊಸಬರು ಸೇರಿದರೆ ಮೊದಲ ವಾರ ಅವಳ ಪಕ್ಕ ನಿಲ್ಲಿಸುತ್ತಿದ್ದರು.

ಆ ಕೈ ಫೆಬ್ರವರಿಯ ಒಂದು ಮಂಗಳವಾರ ಅಚ್ಚಿನೊಳಗೆ ಸಿಕ್ಕಿತು.

ಶ್ರೀಶರೇ ಅವಳನ್ನು ತಮ್ಮ ಕಾರಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದರು. ಆಪರೇಷನ್ ಮುಗಿಯುವವರೆಗೆ ರಕ್ತ ಮೆತ್ತಿದ ಅಂಗಿಯಲ್ಲೇ ಹೊರಗೆ ಕೂತಿದ್ದರು. ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ತೆಗೆದರು. ಉಂಗುರದ ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ. ಆಸ್ಪತ್ರೆಯ ಬಿಲ್ಲನ್ನು ಶ್ರೀಶರೇ ಕಟ್ಟಿದರು. ಸೇವಂತಿಗೆ ಅವರ ಮೇಲೆ ಕೋಪ ಬರಲಿಲ್ಲ. ಬಂದಿದ್ದರೆ ಮುಂದಿನದೆಲ್ಲ ಸುಲಭವಾಗುತ್ತಿತ್ತೋ ಏನೋ.

ಅವಳನ್ನು ಕೊರೆಯುತ್ತಿದ್ದುದು ಬೇರೆ ವಿಷಯ. ಅವಳು ನಡೆಸುವ ಮೂರನೇ ಮಿಷನಿನ ಬಲಗಡೆಯ ಬಟನ್ ಕೆಟ್ಟಿತ್ತು. ಕಸ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಸಿಕ್ಕಿಸಿದರೆ ಅದು ಒತ್ತಿದ ಹಾಗೇ ನಿಲ್ಲುತ್ತದೆ, ಎಡಗೈಯ ಬಟನ್ ಒಂದರಿಂದಲೇ ಅಚ್ಚು ಇಳಿಯುತ್ತದೆ. ಬಲಗೈ ಹಾಳೆ ಸರಿಮಾಡಲು ಬಿಡುವಾಗುತ್ತದೆ, ಕೆಲಸವೂ ಬೇಗ ಸಾಗುತ್ತದೆ. ಒಂದು ತಿಂಗಳಿಂದ ಹಾಗೇ ನಡೆಯುತ್ತಿತ್ತು. ಆ ಮಂಗಳವಾರ ಬೆಳಿಗ್ಗೆ ಕಡ್ಡಿ ಸಿಕ್ಕಿಸಿದ್ದು ಅವಳೇ. ಇದನ್ನು ಅವಳು ಗಂಡ ದೇರಣ್ಣನಿಗೆ ಹೇಳಿರಲಿಲ್ಲ, ಡಿಗ್ರಿ ಓದುತ್ತಿದ್ದ ಮಗಳು ಭವಿತಾಳಿಗೂ ಹೇಳಿರಲಿಲ್ಲ. ಯಾರು ಕೇಳಿದರೂ "ಮಿಷನ್ ಇಳೀತು" ಎಂದಷ್ಟೇ ಹೇಳುತ್ತಿದ್ದಳು.

ಬ್ಯಾಂಡೇಜು ಬಿಚ್ಚಿದ ಮೇಲೆ, ಇಲ್ಲದ ಬೆರಳಿನ ತುದಿ ತುರಿಸುತ್ತಿತ್ತು. ತಲೆ ಬಾಚಲು ಮಗಳು ಬೇಕು, ಸೀರೆ ಉಡಲು ಮಗಳು ಬೇಕು. ದೇರಣ್ಣ ಗುತ್ತಿಗಾರಿನ ಕಡೆ ರಬ್ಬರ್ ಟ್ಯಾಪಿಂಗ್ ಕೆಲಸದಲ್ಲಿದ್ದು, ಶನಿವಾರ ಮಾತ್ರ ಮನೆಗೆ ಬರುತ್ತಿದ್ದ. ಉಳಿದ ದಿನ ಹಗಲೆಲ್ಲ ಅವಳೊಬ್ಬಳೇ. ಗೇಟಿನ ಸದ್ದಾದರೆ ಬಾಗಿಲು ತೆರೆಯುವ ಮೊದಲು ಕಿಟಕಿಯಲ್ಲಿ ಇಣುಕುತ್ತಿದ್ದಳು.

ಐದನೇ ವಾರ ಗೇಟು ಸದ್ದಾದಾಗ ಬಂದವರು ಶ್ರೀಶರು ಮತ್ತು ಅವರ ಮ್ಯಾನೇಜರ್ ರೂಪೇಶ್. ಹಣ್ಣು ತಂದಿದ್ದರು. ಕೈ ನೋಡಿ ಶ್ರೀಶರು ನೋವು ಹೇಗಿದೆ ಎಂದು ಕೇಳಿದರು. ಆಮೇಲೆ ರೂಪೇಶ್ ಚೀಲದಿಂದ ಒಂದು ಛಾಪಾ ಕಾಗದ ತೆಗೆದ.

"ಇದೊಂದು ಸೈನ್ ಹಾಕಿ ಸೇವಂತಿಯಕ್ಕ. ಆಸ್ಪತ್ರೆದು ಹೇಗೂ ಕೊಟ್ಟಾಗಿದೆ. ಇನ್ನು ಮೂವತ್ತು ಸಾವಿರ ಕೊಡುದು ಅಂತ ಬರ್ದದ್ದು. ಒಂದು ಲೆಕ್ಕ ಮುಗೀತದೆ."

"ಸೈನ್ ಹಾಕುವ ಕೈಯೇ ಇದಲ್ವಾ" ಎಂದಳು ಸೇವಂತಿ.

"ಎಡದ ಹೆಬ್ಬೆಟ್ಟು ಆದ್ರೂ ಆಗ್ತದೆ" ಎಂದು ರೂಪೇಶ್ ಶಾಯಿಯ ಪ್ಯಾಡನ್ನೂ ತೆಗೆದಿಟ್ಟ. ಅದನ್ನು ಜೊತೆಗೇ ತಂದಿದ್ದ.

ಪ್ಯಾಡ್ ನೋಡಿದ್ದೇ ಅವಳು ಎಡಗೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಅವರು ಶನಿವಾರ ಬರ್ತಾರೆ, ಅವರತ್ರ ಒಂದು ಮಾತು ಕೇಳ್ತೇನೆ. ಕಾಗದ ಇಲ್ಲೇ ಇರ್ಲಿ ಶ್ರೀಶಣ್ಣ" ಎಂದಳು. ಕಾಗದ ಬಿಟ್ಟುಹೋಗಲು ರೂಪೇಶನಿಗೆ ಮನಸ್ಸಿರಲಿಲ್ಲ. ಶ್ರೀಶರು "ಇರ್ಲಿ ಮಾರಾಯ" ಎಂದು ಎದ್ದರು.

ಸಂಜೆ ಭವಿತಾ ಅದನ್ನು ಎರಡು ಸಲ ಓದಿದಳು. "ಅಮ್ಮ, ಇದ್ರಲ್ಲಿ 'ನನ್ನ ಸ್ವಂತ ಅಜಾಗರೂಕತೆಯಿಂದ' ಅಂತ ಉಂಟು. ಇನ್ನು ಯಾವತ್ತೂ ಏನೂ ಕೇಳುದಿಲ್ಲ ಅಂತಲೂ ಉಂಟು. ಮೊದ್ಲು ವಕೀಲರಿಗೆ ತೋರಿಸ್ಬೇಕು."

ಅಜಾಗರೂಕತೆ ಎಂಬ ಮಾತು ಕೇಳಿದಾಗ ಸೇವಂತಿಗೆ ಅನಿಸಿದ್ದು ಒಂದೇ: ಇವರಿಗೆ ಕಡ್ಡಿಯ ವಿಷಯ ಗೊತ್ತಾಗಿದೆ.

ಶನಿವಾರ ದೇರಣ್ಣ ಬಂದ. ಅವನ ದೊಡ್ಡಪ್ಪನ ಮಗ ಸುಳ್ಯದ ಒಬ್ಬ ವಕೀಲರ ಹೆಸರು ಹೇಳಿದ. ಹಿರಿಯರು, ನಮ್ಮವರೇ, ಊರಿನ ಅರ್ಧ ಜಾಗದ ವ್ಯಾಜ್ಯ ಅವರೇ ನೋಡುವುದು ಎಂದ. ಸೋಮವಾರ ಗಂಡ ಹೆಂಡತಿ ಇಬ್ಬರೂ ಹೋದರು. ವಕೀಲರು ಪ್ರೀತಿಯಿಂದಲೇ ಮಾತಾಡಿಸಿದರು, ಕಾಗದವನ್ನು ಮೇಲಿಂದ ಕೆಳಗೆ ನೋಡಿದರು.

"ಶ್ರೀಶ ಒಳ್ಳೆ ಜನ. ಕೋರ್ಟು ಗೀರ್ಟು ಅಂತ ಹೋದ್ರೆ ವರ್ಷಗಟ್ಟಲೆ ಅಲೀಬೇಕು. ನಾನು ಹೇಳಿ ಮೂವತ್ತನ್ನು ಐವತ್ತು ಮಾಡಿಸ್ತೇನೆ. ಆಗುದಿಲ್ವಾ?"

ದೇರಣ್ಣ ಆಗಬಹುದೆಂದು ತಲೆಯಾಡಿಸಿದ. ಸೇವಂತಿ ಮಾತ್ರ ಗೋಡೆ ನೋಡುತ್ತಿದ್ದಳು. ಅಲ್ಲಿ ಶ್ರೀಶರ ತಟ್ಟೆ ಘಟಕದ್ದೇ ಕ್ಯಾಲೆಂಡರ್ ಇತ್ತು. ಊರಲ್ಲಿ ನೂರು ಮನೆಗೆ ಹಂಚಿದ ಕ್ಯಾಲೆಂಡರ್, ಅದರಲ್ಲೇನೂ ವಿಶೇಷವಿಲ್ಲ. ಆದರೂ ಅವಳಿಗೆ ಕೇಳದೆ ಇರಲಾಗಲಿಲ್ಲ.

"ನೀವು ಶ್ರೀಶಣ್ಣನ ವಕೀಲರೂ ಹೌದಾ?"

ಅವರು ಕನ್ನಡಕ ತೆಗೆದರು. "ಅವರ ಜಾಗದ ಕೆಲಸ ನೋಡ್ತೇನೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ತಿ."

ಹೊರಗೆ ಬಂದು ಮೆಟ್ಟಿಲಿಳಿಯುವಾಗ ದೇರಣ್ಣ ಸಿಟ್ಟಾದ. "ಹಿರಿಯರತ್ರ ಹಾಗೆ ಕೇಳುದಾ ನೀನು?"

"ಕೇಳದಿದ್ರೆ ಅವರು ಹೇಳ್ತಿದ್ರಾ?" ಎಂದಳು.

ಎರಡನೇ ವಕೀಲರ ಹೆಸರು ಫೋನಿನಲ್ಲೇ ಬಂತು. ಆಸ್ಪತ್ರೆಯ ವಾರ್ಡಿನಲ್ಲಿ ಓಡಾಡಿಕೊಂಡಿದ್ದ ಒಬ್ಬ ಮನುಷ್ಯ ಆಗಲೇ ಅವಳ ನಂಬರ್ ಬರೆದುಕೊಂಡಿದ್ದ. ಮಂಗಳೂರಿನ ದೊಡ್ಡ ವಕೀಲರಂತೆ, ಮುಂಗಡ ಒಂದು ಪೈಸೆ ಬೇಡವಂತೆ, ಬಂದುದರಲ್ಲಿ ಮೂರನೇ ಒಂದು ಪಾಲು ಅವರಿಗೆ. "ಹತ್ತು ಲಕ್ಷ ಗ್ಯಾರಂಟಿ ಅಕ್ಕ. ನೀವು ಬರುದೂ ಬೇಡ. ನಾನು ನಾಲ್ಕು ಪೇಪರ್ ತರ್ತೇನೆ, ಕೆಳಗೆ ಸೈನ್ ಮಾಡಿ ಕೊಡಿ. ಮೇಲೆ ನಾವು ಬರ್ಕೊಳ್ತೇವೆ."

ದೇರಣ್ಣನಿಗೆ ಇದು ಹಿಡಿಸಿತು. ಕೈಯಿಂದ ಹಾಕುವುದು ಏನೂ ಇಲ್ಲ, ಮತ್ತೇನು ಬೇಕು? ಸೇವಂತಿ ಆ ಮನುಷ್ಯನನ್ನು ಕೇಳಿದಳು: "ಕೋರ್ಟಲ್ಲಿ ನಾನು ಎಂತ ಹೇಳುದು?"

"ಅದೆಲ್ಲ ನಾವು ಹೇಳಿಕೊಡ್ತೇವೆ. ನೀವು ಬಾಯಿಪಾಠ ಮಾಡಿದ್ರೆ ಸಾಕು."

ಫೋನಿಟ್ಟ ಮೇಲೆ ಅವಳಿಗೆ ಊಟ ಸೇರಲಿಲ್ಲ. ಬಾಯಿಪಾಠ ಮಾಡಿದ್ದನ್ನು ಹೇಳುವಾಗ ಎದುರಿನವರು ಕಡ್ಡಿಯ ವಿಷಯ ಎತ್ತಿದರೆ? ಸುಳ್ಳು ಹೇಳಿದವಳೆಂದು ಅವಳನ್ನೇ ಹಿಡಿದರೆ? ಇನ್ನೊಂದು ಕಡೆ, ದಿನ ಕಳೆದ ಹಾಗೆ ಕೇಳುವ ಹಕ್ಕೇ ಹೋಗುತ್ತದೆ ಎಂದು ಯಾರೋ ಅಂದಿದ್ದರು. ಎಷ್ಟು ದಿನ ಎಂದು ಯಾರೂ ಸರಿಯಾಗಿ ಹೇಳಲಿಲ್ಲ. ಮಗಳ ಕ್ಯಾಲೆಂಡರಿನ ಎದುರು ನಿಂತು ಅವಳು ಸುಮ್ಮನೆ ವಾರ ಎಣಿಸುತ್ತಿದ್ದಳು.

ಮೂರನೇ ಹೆಸರು ಹೇಳಿದ್ದು ರವೂಫ್. ಘಟಕದ ತಟ್ಟೆಗಳನ್ನು ಪಿಕಪ್ಪಿನಲ್ಲಿ ಸಾಗಿಸುತ್ತಿದ್ದವನು. ಆ ದಿನ ಅವಳ ಕಿರುಚಾಟ ಕೇಳಿ ಮೊದಲು ಓಡಿಬಂದು ಮೈನ್ ಸ್ವಿಚ್ ಆರಿಸಿದ್ದೂ ಅವನೇ. ಕೈ ನೋಡಲು ಬಂದವನು, ಅವಳು ಕೇಳದೆಯೇ ಹೇಳಿದ: "ನನ್ನ ತಮ್ಮ ಶಾನವಾಝ್ ಲೋಡ್ ಇಳಿಸುವಾಗ ಬಿದ್ದು ಸೊಂಟ ಮುರ್ಕೊಂಡದ್ದಲ್ವಾ ಅಕ್ಕ, ಅವನ ಕೇಸ್ ಪುತ್ತೂರಿನ ಮನೋರಮಾ ಮೇಡಂ ನೋಡಿದ್ದು. ಬೈತಾರೆ. ಆದ್ರೆ ಕೆಲಸ ಸಮ ಮಾಡ್ತಾರೆ. ಒಮ್ಮೆ ಹೋಗಿ ನೋಡಿ."

ಭವಿತಾ ಕಾಲೇಜಿಗೆ ರಜೆ ಹಾಕಿದಳು. ತಾಯಿ ಮಗಳು ಪುತ್ತೂರಿನ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಸೇವಂತಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು.

ಮನೋರಮಾ ಅವರ ಆಫೀಸು ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ. ಐವತ್ತು ದಾಟಿದ ಹೆಂಗಸು. ಸೇವಂತಿಯನ್ನು ಕೂರಿಸಿ, ಕಾಗದ ಓದಿ, ಒಂದರ ಮೇಲೊಂದು ಪ್ರಶ್ನೆ ಹಾಕಿದರು.

"ಎಷ್ಟು ಜನ ಕೆಲಸಕ್ಕೆ?"

"ಏಳು" ಎಂದಳು ಭವಿತಾ.

"ಇಎಸ್‌ಐ ಕಾರ್ಡ್ ಮಾಡಿಸಿದ್ರಾ?"

"ಇಲ್ಲ ಮೇಡಂ."

"ಸಂಬಳ ಕೈಯಲ್ಲಿ ಕೊಡುದಾ, ಬ್ಯಾಂಕಿಗಾ? ಪೊಲೀಸರಿಗೆ ತಿಳಿಸಿದ್ರಾ? ಆ ಹೊತ್ತಿಗೆ ಹತ್ತಿರ ಯಾರಿದ್ರು?"

ಭವಿತಾ ಉಳಿದದ್ದಕ್ಕೂ ಒಂದೊಂದಾಗಿ ಉತ್ತರಿಸಿದಳು. ಕೊನೆಗೆ ಅವಳೇ ಕೇಳಿದಳು: "ಎಷ್ಟು ಸಿಗ್ಬಹುದು ಮೇಡಂ?"

"ಗ್ಯಾರಂಟಿ ನಾನು ಕೊಡುದಿಲ್ಲ. ವಯಸ್ಸು, ಸಂಬಳ, ಡಾಕ್ಟರು ಕೈಗೆ ಎಷ್ಟು ಊನ ಅಂತ ಬರೀತಾರೆ, ಅದರ ಮೇಲೆ ಹೋಗ್ತದೆ. ಒಂದೂವರೆ ವರ್ಷ ಆದ್ರೂ ಬೇಕು. ಅರ್ಜಿ ಹಾಕ್ಲಿಕ್ಕೆ ಎರಡು ವರ್ಷ ಸಮಯ ಉಂಟು, ಹೆದರ್ಬೇಡಿ. ನನ್ನ ಫೀಸು ಎಷ್ಟು ಅಂತ ಬರ್ದು ಕೊಡ್ತೇನೆ. ಖಾಲಿ ಕಾಗದಕ್ಕೆ ಯಾರಿಗೂ ಸೈನ್ ಹಾಕ್ಬೇಡಿ. ನನಗೂ." ಹಾಗೆಂದು ಅವರು ಸೇವಂತಿಯ ಕಡೆ ತಿರುಗಿದರು. "ಈಗ ನೀವು ಹೇಳಿ. ಮಗಳಲ್ಲ, ನೀವು. ಆ ದಿನ ಎಂತ ಆಯ್ತು?"

"ಮಿಷನ್ ಇಳೀತು" ಎಂದಳು ಸೇವಂತಿ.

"ಸುಮ್ಮನೆ ಇಳಿಯುದಿಲ್ಲ. ಅದಕ್ಕೆ ಎರಡು ಬಟನ್ ಇರ್ತದಲ್ಲ?"

ಆ ಪ್ರಶ್ನೆಯನ್ನು ಈ ತನಕ ಯಾರೂ ಕೇಳಿರಲಿಲ್ಲ. ಸೇವಂತಿ ಮಗಳ ಮುಖ ನೋಡಿದಳು, ಕೈ ನೋಡಿದಳು. ಆಮೇಲೆ ಕಡ್ಡಿಯ ವಿಷಯವನ್ನು ಮೊದಲಿಂದ ಕೊನೆವರೆಗೆ ಹೇಳಿದಳು. ಹೇಳುವಾಗ ಅಳಲಿಲ್ಲ. ಹೇಳಿ ಮುಗಿದ ಮೇಲೆ ಕೈಯನ್ನು ಮೇಜಿನ ಮೇಲೆ ಇಟ್ಟಳು. ಭವಿತಾ ಆ ಕೈಯನ್ನು ಹಿಡಿದುಕೊಂಡಳು.

ಪರವಾಗಿಲ್ಲ ಎಂದು ಮನೋರಮಾ ಹೇಳಲಿಲ್ಲ. "ಇದು ಸಣ್ಣ ವಿಷಯ ಅಲ್ಲ. ಜಾಗ್ರತೆಗೆ ಅಂತ ಇಟ್ಟದ್ದನ್ನು ಕೆಲಸದವರು ಬೇಕೂಂತ್ಲೇ ತಪ್ಪಿಸಿದ್ರೆ ಪರಿಹಾರ ಇಲ್ಲ ಅಂತ ಅವರು ವಾದ ಮಾಡ್ತಾರೆ. ಅದಕ್ಕೇ ಈಗ್ಲೇ ಹೇಳಿದ್ದು ಒಳ್ಳೇದಾಯ್ತು. ಕಡ್ಡಿ ಇಡ್ಲಿಕ್ಕೆ ನಿಮಗೆ ಹೇಳಿದ್ದು ಯಾರು?"

"ರೂಪೇಶ್. ಎಲ್ಲರಿಗೂ ಹೇಳಿದ್ದು. ವಾಟ್ಸಾಪಿನಲ್ಲಿ."

ಮನೋರಮಾ ಪೆನ್ನು ಕೆಳಗಿಟ್ಟರು. "ವಾಟ್ಸಾಪಿನಲ್ಲಾ?"

ಘಟಕದ ಗ್ರೂಪಿನಿಂದ ಸೇವಂತಿಯನ್ನು ಎರಡು ವಾರದ ಹಿಂದೆಯೇ ತೆಗೆದುಹಾಕಿದ್ದರು. ಹಳೆಯದೆಲ್ಲ ಅಳಿಸಿಹೋಗಿದೆ ಎಂದೇ ಅವಳು ತಿಳಿದಿದ್ದಳು. ಭವಿತಾ ತಾಯಿಯ ಫೋನ್ ತೆಗೆದು ಮೇಲಕ್ಕೆ ತಳ್ಳುತ್ತಾ ಹೋದಳು. ಹಬ್ಬದ ಶುಭಾಶಯ, ರಜೆಯ ಸುದ್ದಿ, ತಟ್ಟೆಯ ಫೋಟೋ. ಜನವರಿಯ ಒಂದು ದಿನಕ್ಕೆ ಬಂದು ಭವಿತಾ ಬೆರಳು ನಿಲ್ಲಿಸಿದಳು, ಅಲ್ಲಿದ್ದ ಧ್ವನಿ ಸಂದೇಶವನ್ನು ಒತ್ತಿದಳು. ರೂಪೇಶನ ಸ್ವರ ಸ್ಪಷ್ಟವಾಗಿ ಕೇಳಿತು: "ಮೂರನೇ ಮಿಷನಿನ ಬಟನ್ ಬರ್ಲಿಕ್ಕೆ ಉಂಟು. ಅಷ್ಟರವರೆಗೆ ಕಡ್ಡಿ ಇಟ್ಟು ನಡೆಸಿ. ಮದುವೆ ಸೀಸನ್, ಆರ್ಡರ್ ನಿಲ್ಲಿಸ್ಲಿಕ್ಕೆ ಆಗುದಿಲ್ಲ."

"ಈ ಫೋನ್ ಯಾರಿಗೂ ಕೊಡ್ಬೇಡಿ. ರಿಪೇರಿಗೂ ಕೊಡ್ಬೇಡಿ" ಎಂದರು ಮನೋರಮಾ.

ಕೇಸು ಮನೋರಮಾ ಅವರಿಗೇ ಕೊಡುವುದೆಂದು ಸೇವಂತಿ ಅಂದೇ ತೀರ್ಮಾನಿಸಿದಳು. ದೇರಣ್ಣ ಶನಿವಾರ ಬಂದಾಗ ಅವನಿಗೂ ಕಡ್ಡಿಯ ವಿಷಯ ಹೇಳಿದಳು. "ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ದಿಯಾ?" ಎಂದ. ಮಂಗಳೂರಿನ ಫೋನ್ ಬಂದಾಗ ಬೇಡವೆಂದು ಹೇಳಿದ್ದು ಅವನೇ.

ನೋಟೀಸು ಹೋದ ಮೇಲೆ ಊರು ಎರಡಾಯಿತು. ಆಸ್ಪತ್ರೆಗೆ ಕೊಟ್ಟವರ ಮೇಲೆಯೇ ಕೇಸು ಹಾಕಿದಳು ಎಂದು ಬಸ್ಸಿನಲ್ಲಿ ಅವಳಿಗೆ ಕೇಳುವ ಹಾಗೆ ಆಡಿಕೊಂಡರು. ಜೊತೆಗೆ ದುಡಿದ ಹೆಂಗಸರು ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಘಟಕ ಮುಚ್ಚಿದರೆ ತಮ್ಮ ಗತಿಯೇನು ಎಂಬ ಹೆದರಿಕೆ ಅವರದು. ಅವರಲ್ಲಿ ಯಾರೂ ಸಾಕ್ಷಿಗೆ ಒಪ್ಪಲಿಲ್ಲ. ರವೂಫ್ ಒಪ್ಪಿದ. ಒಪ್ಪಿದ ಮರುವಾರದಿಂದ ಘಟಕದವರು ಅವನ ಪಿಕಪ್ಪನ್ನು ಬಾಡಿಗೆಗೆ ಕರೆಯುವುದು ನಿಂತಿತು.

ಸುಳ್ಯದ ಕೋರ್ಟಿನಲ್ಲಿ ಸೇವಂತಿಯ ಸಾಕ್ಷಿಯ ದಿನ ಎದುರಿನ ವಕೀಲರು ಮೊದಲು ಕೇಳಿದ್ದೇ ಅದನ್ನು.

"ಬಟನಿಗೆ ಕಡ್ಡಿ ಸಿಕ್ಕಿಸಿದ್ದು ನೀವೇ ಅಲ್ವಾ?"

ಅವಳು ಮನೋರಮಾ ಅವರ ಕಡೆ ನೋಡಿದಳು. ಮನೋರಮಾ ತಲೆಯೆತ್ತಲಿಲ್ಲ. ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ ಎಂದಷ್ಟೇ ಅವರು ಹೇಳಿಕೊಟ್ಟಿದ್ದರು.

"ಹೌದು. ಆ ದಿನ ನಾನೇ ಇಟ್ಟದ್ದು. ಹಿಂದಿನ ದಿನವೂ ನಾನೇ. ಹಾಗೆ ನಡೆಸ್ಲಿಕ್ಕೆ ನಮಗೆ ಹೇಳಿದ್ದರು."

ಎದುರಿನವರು ಇಲ್ಲ ಎಂಬ ಉತ್ತರಕ್ಕೆ ತಯಾರಾಗಿ ಬಂದಿದ್ದರೋ ಏನೋ, ಕ್ಷಣ ಹೊತ್ತು ಕಾಗದ ಮಗುಚಿದರು. ಮುಂದಿನ ಸಲ ಮನೋರಮಾ ರೂಪೇಶನ ಆ ಧ್ವನಿಯನ್ನು ಕೋರ್ಟಿನಲ್ಲಿ ಕೇಳಿಸಿದರು. ನ್ಯಾಯಾಧೀಶರು ಇನ್ನೊಮ್ಮೆ ಹಾಕಲು ಹೇಳಿದರು. ರವೂಫ್, ಬಟನ್ ಹೊಸದು ತರಲು ರೂಪೇಶ್ ತನ್ನ ಹತ್ತಿರ ಎರಡು ಸಲ ಹೇಳಿ, ಎರಡು ಸಲವೂ 'ಈಗ ಬೇಡ' ಎಂದದ್ದನ್ನು ಹೇಳಿದ.

ಆದೇಶ ಬರಲು ಹದಿನೇಳು ತಿಂಗಳು ಹಿಡಿಯಿತು. ಕೆಲಸದ ಹೊತ್ತಿನಲ್ಲಿ ಆದ ಅಪಘಾತ, ಪರಿಹಾರವನ್ನು ಬಡ್ಡಿ ಸಮೇತ ಕೊಡಬೇಕು ಎಂದಾಯಿತು. ಫೋನಿನವನು ಹೇಳಿದ ಹತ್ತು ಲಕ್ಷದ ಹತ್ತಿರಕ್ಕೂ ಬರಲಿಲ್ಲ. ಛಾಪಾ ಕಾಗದದಲ್ಲಿ ಇದ್ದುದಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಎದುರಿನವರು ಅಪೀಲು ಹೋದರೆ ಎಂದು ಸೇವಂತಿ ಮತ್ತೆ ಎರಡು ತಿಂಗಳು, ಗಡುವು ಮುಗಿಯುವವರೆಗೆ, ನಿದ್ದೆಗೆಟ್ಟಳು. ಶ್ರೀಶರು ಅಪೀಲು ಹೋಗಲಿಲ್ಲ, ದುಡ್ಡು ಕೋರ್ಟಿನಲ್ಲಿ ಕಟ್ಟಿದರು. ಘಟಕವೂ ಮುಚ್ಚಲಿಲ್ಲ.

ಈಗ ರವೂಫ್ ಕಾಣಿಯೂರಿನ ಒಂದು ಘಟಕಕ್ಕೆ ಮನೆಮನೆಯಿಂದ ಹಾಳೆ ಕೊಂಡು ತರುತ್ತಾನೆ. ಒಳ್ಳೆಯದು, ಕೆಟ್ಟದ್ದು ಆರಿಸುವುದು ಸೇವಂತಿ. ಹಾಳೆಯನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಸೀಳು ಎಲ್ಲಿದೆಯೆಂದು ಅವಳಿಗೆ ಗೊತ್ತಾಗುತ್ತದೆ. ಅದಕ್ಕೆ ಹತ್ತು ಬೆರಳೂ ಬೇಕಿಲ್ಲ.

ಕಳೆದ ಡಿಸೆಂಬರಿನಲ್ಲಿ ಒಂದು ದಿನ ರಸ್ತೆ ಬದಿ ಪಿಕಪ್ಪಿಗೆ ಹಾಳೆ ಆರಿಸಿ ತುಂಬಿಸುತ್ತಿದ್ದಾಗ ಶ್ರೀಶರ ಕಾರು ಹಾದುಹೋಗಿ, ಸ್ವಲ್ಪ ಮುಂದೆ ನಿಂತು, ಹಿಂದೆ ಬಂತು. ಗಾಜು ಇಳಿಯಿತು.

"ಕೈ ಹೇಗುಂಟು?"

"ಚಳಿಗೆ ನೋವುಂಟು ಶ್ರೀಶಣ್ಣ."

"ಬಟನ್ ಎಲ್ಲ ಹೊಸತು ಹಾಕಿಸಿದೆ" ಎಂದರು.

"ಒಳ್ಳೇದಾಯ್ತು" ಎಂದಳು. ಕಾರು ಹೋಯಿತು. ಅದು ತಿರುವು ದಾಟುವವರೆಗೆ ಅವಳು ಪಿಕಪ್ಪಿಗೆ ಒರಗಿ ನಿಂತಿದ್ದು, ಆಮೇಲೆ ಇನ್ನೊಂದು ಕಟ್ಟು ಹಾಳೆ ಬಿಚ್ಚಿದಳು.