ಅಳತೆ ಪುಸ್ತಕ ಫೋನಿಗೆ ಹೋದದ್ದು

ಈ ಆ್ಯಪ್ ಹಾಕಿಸಿಕೊಂಡರೆ ಫೋನು ಸಿಡಿಯಬಹುದು. ಗಿರಾಕಿಗಳ ನಂಬರೆಲ್ಲ ಕಳ್ಳರ ಕೈಗೆ ಸಿಕ್ಕು, ಪೊಲೀಸರು ಬ್ರೂಸ್‌ಪೇಟೆಯ ನನ್ನ ಹೊಲಿಗೆ ಅಂಗಡಿಗೇ ಬಂದು ನಿಲ್ಲಬಹುದು. ಗಂಡನಿಗೆ ಹೋದ ಮೆಸೇಜನ್ನು ಹೆಂಡತಿ ಓದಿ, ನಿಮ್ಮನ್ನ ಇಷ್ಟು ನೆನಸೋರು ಯಾರವರು ಎಂದು ಕುರುಗೋಡಿನಲ್ಲಿ ಒಂದು ಸಂಸಾರ ಮುರಿಯಬಹುದು. ಸತ್ತವರಿಗೆ ಶುಭಾಶಯ ತಲುಪಬಹುದು. ಎಲ್ಲರೂ ಒಂದೇ ದಿನ ಬಟ್ಟೆ ತಂದು ಸುರಿದು, ನಾನು ಮಷಿನ್ನಿನ ಮೇಲೇ ಪ್ರಾಣ ಬಿಡಬಹುದು. ಯಾರೂ ಬರದಿದ್ದರೂ ಪ್ರಾಣ ಬಿಡಬಹುದು.

ಇಷ್ಟನ್ನೂ ಹೆಂಡತಿಗೆ ಹೇಳಿದೆ. ಗುಂಡಿಗೆ ಕಾಜಾ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ನೀವು ಹುಟ್ಟಿದಾಗ ಹಸದು ಅತ್ತಿಲ್ಲ ಬಿಡ್ರಿ, ಚಿಂತಿ ಮಾಡಿ ಅತ್ತೀರಿ."

ಗಿರಾಕಿಗಳ ಫೋನಿಗೆ ಶುಭಾಶಯ ಕಳಿಸಿ ಸಂಬಂಧ ಬೆಳೆಸುವ ಆ್ಯಪ್ ಮಾರಲು ಒಬ್ಬ ಕಂಪನಿಯವ ಬಂದಿದ್ದ. ಸಂಬಂಧವಂತೆ! ಯಾರ ಬಲಭುಜ ಇಳಿದಿದೆ, ಯಾರ ಹೊಟ್ಟೆ ಊಟದ ಮೇಲೆ ಒಂದಿಂಚು ಬೆಳೆಯುತ್ತದೆ ಎಂದು ನಮ್ಮಪ್ಪನ ಕಾಲದಿಂದ ಬಲ್ಲವರಿಗೆ ಇವನು ಸಂಬಂಧ ಕಲಿಸಬೇಕು. ಅವನ ರೆಡಿಮೇಡ್ ಅಂಗಿಯ ಭುಜದ ಹೊಲಿಗೆ ಎರಡು ಬೆರಳು ಕೆಳಗೆ ಜಾರಿತ್ತು. ತನ್ನ ಭುಜ ಎಲ್ಲಿದೆಯೆಂದೇ ಗೊತ್ತಿಲ್ಲದವ ನನಗೆ ಗಿರಾಕಿಯ ಮನಸ್ಸು ತಿಳಿಸುತ್ತಿದ್ದ. ಆದರೂ ಒಪ್ಪಿದೆ. ಪಕ್ಕದ ಅಂಗಡಿಯವನು ಹಾಕಿಸಿಕೊಂಡಿದ್ದ. ನಾನೊಬ್ಬನೇ ಹಿಂದೆ ಉಳಿದರೆ ಎಂಬ ಚಿಂತೆ ಉಳಿದೆಲ್ಲ ಚಿಂತೆಗಳನ್ನು ನುಂಗಿತು.

"ಪುಸ್ತಕದಲ್ಲಿರೋ ಹೆಸರು, ನಂಬರು ಹಾಕ್ಬಿಡಿ ಸರ್. ಮಿಕ್ಕಿದ್ದು ನಮ್ಮ ಸಿಸ್ಟಮ್ ನೋಡ್ಕೊಳ್ಳುತ್ತೆ" ಅಂದ.

ಪುಸ್ತಕದಲ್ಲಿ ಹೆಸರಿದ್ದರಲ್ಲವೆ! ಒಂದೇ ಓಣಿಯಿಂದ ಒಂದೇ ಹೆಸರಿನ ಮೂವರು ಬರುತ್ತಾರೆ, ಹೆಸರು ನಂಬಿ ಕತ್ತರಿ ಆಡಿಸಿದರೆ ಕೆಟ್ಟೆವು. ಅದಕ್ಕೇ ನಮ್ಮಪ್ಪ ಅಳತೆ ಪುಸ್ತಕದಲ್ಲಿ ಊರು ಮತ್ತು ಮೈಯ ಗುರುತು ಬರೆಯುತ್ತಿದ್ದರು. ನಾನೂ ಹಾಗೇ ಬರೆದೆ: ಕುರುಗೋಡು ಗಡಿಗಿ ಹೊಟ್ಟಿ. ಕೊಳಗಲ್ಲು ಒಂಟಿ ಭುಜ. ಗಿರಾಕಿ ಬಂದಾಗ ಪುಸ್ತಕದ ಮುಖ ಗೋಡೆಗೆ.

ಹೆಂಡತಿ ಓದಿದಳು, ನಾನು ಫೋನಿಗೆ ಹಾಕಿದೆ. ಬೈಗುಳದಂತೆ ಕೇಳಿದ ಗುರುತನ್ನೆಲ್ಲ ತೆಗೆದು, ನಂಬರಿಗೆ ಫೋನು ಮಾಡಿ, ಮರ್ಯಾದೆಯಿಂದ ಹೆಸರು ಕೇಳಿ ಹಾಕಿದೆ. ಗಡಿಗಿ ಹೊಟ್ಟಿಗೆ ಎಷ್ಟು ಚೆಂದದ ಹೆಸರಿತ್ತು ಅಂತೀರಿ! ಪಟ್ಟಿಯನ್ನು ಮೂರು ಸಲ ತಿರುಗಿಸಿ ನೋಡಿದೆ. ಆದರೂ ಒಂದು ಗುರುತು ಉಳಿಯಿತು.

ಸಿರುಗುಪ್ಪದ ಒಬ್ಬ ಮೇಷ್ಟ್ರು. ಅವರ ಎಡಗಾಲು ಬಲಗಾಲಿಗಿಂತ ಮುಕ್ಕಾಲು ಇಂಚು ಗಿಡ್ಡ. ಪ್ಯಾಂಟಿನ ಎಡಗಾಲನ್ನು ಅಷ್ಟೇ ಕಮ್ಮಿ ಮಾಡಿ, ಎರಡೂ ತುದಿ ಬೂಟಿನ ಮೇಲೆ ಸಮ ಕೂರುವಂತೆ ಮೊದಲು ನಮ್ಮಪ್ಪ ಹೊಲಿದರು, ಆಮೇಲೆ ನಾನು. ಅಳತೆ ತಗೊಳ್ಳುವುದು ಪರದೆಯ ಒಳಗೆ. ಆ ಬಗ್ಗೆ ಅವರೂ ಮಾತಾಡಿದವರಲ್ಲ, ನಾವೂ ಅಲ್ಲ. ನೌಕರಿಯುದ್ದಕ್ಕೂ ಹುಡುಗರ ಬಾಯಲ್ಲಿ ಅಡ್ಡಹೆಸರು ಬೀಳದಂತೆ ಉಳಿದ ಮೇಷ್ಟ್ರು ಅವರು. ನಿವೃತ್ತಿಯ ಸನ್ಮಾನಕ್ಕೆಂದು ಬಟ್ಟೆ ಕೊಟ್ಟು ಹೋಗಿದ್ದರು. "ಎಲ್ಲಾರ ಮುಂದ ವೇದಿಕಿ ಮ್ಯಾಲೆ ನಡೀಬೇಕ್ರಿ ಟೇಲರೇ" ಎಂದಷ್ಟೇ ಹೇಳಿದ್ದರು. ಪ್ಯಾಂಟು ಇಸ್ತ್ರಿಯಾಗಿ ಕಪಾಟಿನಲ್ಲಿತ್ತು.

ಹೆಂಡತಿ ಅವರ ಸಾಲು ಓದಿದಾಗ ನನಗದು ಬೈಗುಳ ಅನ್ನಿಸಲೇ ಇಲ್ಲ. ಇದ್ದಂತೆಯೇ ಹಾಕಿದೆ.

ಮೆಸೇಜು ಹೋದವು. ಸಂಸಾರ ಮುರಿಯಲಿಲ್ಲ, ಪೊಲೀಸರು ಬರಲಿಲ್ಲ. ಗಡಿಗಿ ಹೊಟ್ಟಿಯವರು ಮೊಮ್ಮಗನನ್ನೂ ಕರೆತಂದು ಅಂಗಿ ಅಳತೆ ಕೊಟ್ಟರು. ಮೂರನೆಯ ದಿನ ಕಂಪನಿಯವನ ಫೋನು.

"ಸೂಪರ್ ರೆಸ್ಪಾನ್ಸ್ ಸರ್! ಸಿರುಗುಪ್ಪದ ಒಬ್ಬ ಕಸ್ಟಮರ್ ನಮ್ಮ ಶುಭಾಶಯದ ಕಾರ್ಡನ್ನ ಒಂಬತ್ತು ಸಲ ತೆಗೆದು ನೋಡಿದಾರೆ. ನಿಮ್ಮ ನಂಬರ್ ಒನ್ ಗಿರಾಕಿ ಅವರೇ."

ಅವರಿಗೆ ಹೋದ ಕಾರ್ಡನ್ನು ನನ್ನ ಫೋನಿನಲ್ಲಿ ತೆಗೆದು ನೋಡಿದೆ. ಹೂವಿನ ಚಿತ್ರ, ಹಾರುವ ಬಲೂನು, ನಡುವೆ ದಪ್ಪಕ್ಷರ: "ಆತ್ಮೀಯ ಸಿರುಗುಪ್ಪ ಎಡಗಾಲು ಮುಕ್ಕಾಲಿಂಚು ಕಮ್ಮಿ ಅವರೇ, ನೀವು ನಮಗೆ ವಿಶೇಷ!"

ಒಂಬತ್ತು ಸಲ. ಒಬ್ಬ ಮನುಷ್ಯ ತನಗಾದ ಅವಮಾನವನ್ನು ನಂಬಲಾಗದೆ ಒಂಬತ್ತು ಸಲ ತೆಗೆದು ನೋಡಿದ್ದಾನೆ, ಇವರ ಲೆಕ್ಕದಲ್ಲಿ ಅದು ಪ್ರೀತಿ! ಮೈಯೆಲ್ಲ ಉರಿಯಿತು. ಕಾರ್ಡು ಅಳಿಸಿರಿ ಎಂದು ಕಂಪನಿಯ ದೂರಿನ ನಂಬರಿಗೆ ಫೋನು ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಹಾಡು ಕೇಳಿ. ಕಡೆಗೊಬ್ಬಳು ಸಿಕ್ಕಳು. ಹೆಸರು ಹೇಳಲು ಹೋದೆ.

"ಹೆಸರು ಬೇಡ ಸರ್, ನಿಮ್ಮ ಐಡಿ ಹೇಳಿ."

"ನನಗೊಂದು ಹೆಸರೈತ್ರಿ ತಾಯಿ! ನಮ್ಮಪ್ಪ ಇಟ್ಟಿದ್ದು!" ಬೀದಿಯವರು ತಿರುಗಿ ನೋಡುವಂತೆ ಕೂಗಿದೆ.

"ಐಡಿ ಇಲ್ಲದೆ ದೂರು ತಗೊಳಲ್ಲ ಸರ್."

ಪ್ಯಾಂಟನ್ನು ಚೀಲದಲ್ಲಿಟ್ಟು, ಪುಸ್ತಕವನ್ನೂ ಬಗಲಲ್ಲಿ ಹಿಡಿದು, ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಂಪನಿಯವರ ವಂಶವನ್ನು ಜಾಲಾಡುತ್ತ ಕೂತೆ. ಮೇಷ್ಟ್ರು ಬಾಗಿಲು ತೆಗೆದರು, "ಬರ್ರಿ" ಅಂದರು, ಪ್ಯಾಂಟು ಒಳಗೆ ಒಯ್ದು ಹಾಕಿಕೊಂಡು ಬಂದರು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆದರು. ಎರಡೂ ತುದಿ ಸಮ ಇದ್ದವು.

"ಇದು ಹಾಕ್ಕೊಂಡೇ ವೇದಿಕಿ ಹತ್ತೀನಿ. ನಿಮ್ಮ ಹೊಲಿಗಿ ಮ್ಯಾಲೆ ನನಗ ಸಿಟ್ಟಿಲ್ಲ" ಅಂದರು.

ನಾನು ಉಸಿರು ಬಿಟ್ಟೆ. ಆ್ಯಪ್, ಸಿಸ್ಟಮ್, ಒಂದು ಒತ್ತಿ ಎರಡು ಒತ್ತಿ, ಎಲ್ಲವನ್ನೂ ಬೈದು ಹೇಳಿದೆ. ಅವರು ಕೊನೆಯವರೆಗೂ ಕೇಳಿದರು, ದಡ್ಡ ಹುಡುಗನ ಉತ್ತರ ಕೇಳುವ ಹಾಗೆ.

"ಅದೆಲ್ಲಾ ಇರಲಿ. ಮಷಿನ್ನಿಗೆ ಗೊತ್ತಿಲ್ಲ, ನಿಮಗ ಗೊತ್ತೈತಲ್ಲ? ನನ್ನ ಹೆಸರೇನು ಹೇಳ್ರಿ ಟೇಲರೇ."

ಮೇಷ್ಟ್ರೇ, ಅಂದೆ. ಅಪ್ಪನೂ ಮೇಷ್ಟ್ರೇ ಅನ್ನುತ್ತಿದ್ದರು, ನಾನೂ ಮೇಷ್ಟ್ರೇ ಅನ್ನುತ್ತಿದ್ದೆ. ಕಾಲು ಗೊತ್ತು, ಸೊಂಟ ಗೊತ್ತು.

ಅವರು ಪುಸ್ತಕ ತೆಗೆಸಿ ಆ ಹಾಳೆ ಬಿಡಿಸಿದರು, ಪೆನ್ನು ಕೊಟ್ಟರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ನಾನು ನೆಲದ ಮೇಲೆ ಕೂತು ಬರೆದುಕೊಂಡೆ.