ಹಲಸಿನ ಮರದ ಗುರುತು

ಗುಡ್ಡ ಕುಸಿದ ಮೇಲೆ ನಮ್ಮ ಊರಿನವರಿಗೆಲ್ಲ ಸರ್ಕಾರ ಬೇರೆ ಕಡೆ ಮನೆ ಕಟ್ಟಿಸಿ ಕೊಟ್ಟಿತು. ಎಲ್ಲ ಮನೆಗೂ ಒಂದೇ ಬಣ್ಣ, ಒಂದೇ ಬಾಗಿಲು. ಮಡಿಕೇರಿಯಿಂದ ಬಸ್ಸಿಳಿದು ಬರುವಾಗ ನಾನು ಈಗಲೂ ಒಮ್ಮೊಮ್ಮೆ ಪಕ್ಕದವರ ಗೇಟಿಗೆ ಕೈ ಹಾಕುತ್ತೇನೆ. ಹಳೆಯ ಊರಿನ ಬಗ್ಗೆ ಯಾರಾದರೂ ಕೇಳಿದರೆ ಹೇಳುತ್ತೇನೆ. ಹೇಳುವಾಗ ಏನೂ ಅನ್ನಿಸುವುದಿಲ್ಲ. ಬೇರೆ ಯಾರದೋ ಊರಿನ ಸುದ್ದಿ ಹೇಳಿದ ಹಾಗೆ ಹೇಳಿ ಮುಗಿಸಿ, ಒಲೆ ಮೇಲಿನ ಅನ್ನ ನೋಡಲು ಒಳಗೆ ಹೋಗುತ್ತೇನೆ.

ಹೋದ ಬೇಸಿಗೆಯಲ್ಲಿ ನಮ್ಮ ಕಾಲೊನಿಯ ಸಂಘದವರು ಹಳೆಯ ಊರಿನಲ್ಲಿ ಒಂದೊಂದು ಮನೆಗೂ ಒಂದೊಂದು ಗುರುತಿನ ಕಲ್ಲು ನೆಡುತ್ತೇವೆಂದು ಹೊರಟರು. ಇಂಥ ಮನೆ ಇಲ್ಲಿತ್ತು ಎಂದು ಕೆತ್ತಿಸುವುದು, ಅಷ್ಟೇ. ಮನೆಯವರೇ ಬಂದು ಜಾಗ ತೋರಿಸಬೇಕು. ನನಗೆ ರೇಗಿತು. ನಾವು ಅಲ್ಲಿದ್ದಾಗ ಒಂದು ನೆಟ್ಟಗಿನ ರಸ್ತೆ ಮಾಡಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ಈಗ ಟೂರಿಸ್ಟ್ ಜೀಪಿನವರು ನಿಂತು ಸೆಲ್ಫಿ ತೆಗೆಯಲು ಕಲ್ಲು ಬೇಕಂತೆ ಎಂದು ಮೀಟಿಂಗಿನಲ್ಲೇ ಅಂದೆ. ಆದರೆ ಅಮ್ಮ ಹಟ ಹಿಡಿದಳು. ನಮ್ಮ ಮನೆಗೆ ಕಲ್ಲು ಆಗಲೇಬೇಕು, ತಾನು ಆ ಅಂಗಳದಲ್ಲಿ ಇನ್ನೊಂದು ಸಲ ನಿಂತು ಬರಬೇಕು, ಅವಳಿಗೆ ಬೇರೆ ಆಸೆ ಯಾವುದೂ ಇರಲಿಲ್ಲ. ಮಂಡಿ ನೋವಿನಿಂದ ಅವಳು ಆಗ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಜಾಗ ತೋರಿಸಲು ನಾನೇ ಹೋದೆ.

ಹೋಗಿ ನೋಡಿದರೆ ಗುರುತು ಹಿಡಿಯಲು ಏನಿದೆ? ಮಣ್ಣು, ಮಣ್ಣಿನ ಮೇಲೆ ಪೊದೆ, ಅಲ್ಲಲ್ಲಿ ಬುಡ ಮೇಲಾಗಿ ಬಿದ್ದ, ತೋಟಕ್ಕೆ ನೆರಳಾಗಿದ್ದ ಸಿಲ್ವರ್ ಮರಗಳು. ಒಂದು ಕಾಫಿ ಗಿಡವೂ ಉಳಿದಿರಲಿಲ್ಲ. ಅದರ ನಡುವೆ ನಮ್ಮ ಹಲಸಿನ ಮರ ನೆಟ್ಟಗೆ ನಿಂತಿತ್ತು. ಎಮ್ಮೆ ಕಟ್ಟಲು ಅಪ್ಪ ಹೊಡೆದಿದ್ದ ಕಬ್ಬಿಣದ ಬಳೆ ಕಾಂಡದಲ್ಲಿ ಅರ್ಧ ಹುದುಗಿಕೊಂಡು ಹಾಗೇ ಇತ್ತು. ನಮ್ಮ ಅಂಗಳದ ಅಂಚಿನ ಮರ ಅದು. ಇನ್ನೇನು ಬೇಕು, ಅದರ ಪಕ್ಕದಲ್ಲೇ ಗುಂಡಿ ತೋಡಿ ಎಂದೆ. ತೋಡುವಾಗ ಕೆಂಪು ಗಾರೆ ನೆಲದ ಒಂದು ಚೂರು ಎದ್ದು ಬಂತು. ನೋಡಿದೆ, ಬದಿಗೆ ಎಸೆದೆ. ಕಲ್ಲು ನೆಟ್ಟರು. 'ಮೇಲಿನ ಮನೆ' ಎಂದು ಕೆತ್ತಿಸಿದ್ದೆವು. ಊರಲ್ಲಿ ನಮ್ಮನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ.

ನಾವು ಮೇಲಿನ ಮನೆಯಾದದ್ದು ನಮ್ಮ ಕೆಳಗೆ ಇನ್ನೊಂದು ಮನೆ ಇದ್ದದ್ದರಿಂದ. ಅಲ್ಲಿ ಗಂಡ ತೀರಿಕೊಂಡ, ಮಕ್ಕಳಿಲ್ಲದ ಒಬ್ಬರು ಕೋಳಿ ಸಾಕಿಕೊಂಡು ಒಬ್ಬರೇ ಇದ್ದರು. ಅಮ್ಮ ಅವರನ್ನು ಅಕ್ಕ ಅನ್ನುತ್ತಿದ್ದಳು, ಜಗಳ ಆಡುವಾಗಲೂ ಅಕ್ಕ ಅಂತಲೇ. ಜಗಳವೆಲ್ಲ ಈ ಮರದ್ದು. ನಮ್ಮ ಮರದ ಹಣ್ಣು ಕಳಚಿದರೆ ಉರುಳಿಕೊಂಡು ಅವರ ಅಂಗಳಕ್ಕೆ ಹೋಗುತ್ತಿತ್ತು. ತನ್ನ ಅಂಗಳಕ್ಕೆ ಬಿದ್ದದ್ದು ತನ್ನದು ಎಂದು ಅವರು, ಮರ ನಮ್ಮದು ಎಂದು ಅಮ್ಮ. ದೊಪ್ಪೆಂದು ಸದ್ದಾದರೆ ಸಾಕು, ಅಮ್ಮ ನಮ್ಮನ್ನು ಕೆಳಗೆ ಓಡಿಸುತ್ತಿದ್ದಳು. ಒಂದು ವರ್ಷವಂತೂ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಗುಡ್ಡ ಬಿರುಕು ಬಿಟ್ಟಿದೆ ಎಂದು ನಾವೆಲ್ಲ ಶಾಲೆಗೆ ಹೋಗಿ ಸೇರಿಕೊಂಡ ಸಂಜೆ, ಕೋಳಿ ಮುಚ್ಚಿ ಬರುತ್ತೇನೆ ಎಂದು ಅವರು ಹಿಂದೆ ಉಳಿದರು. ಆಮೇಲೆ ಸಿಕ್ಕಿದ್ದು ಕೆಳಗಿನ ಹೊಳೆಯಲ್ಲಿ. ಅಮ್ಮ ಆವತ್ತು ಅಳಲಿಲ್ಲ, ನಾನೂ ಅಳಲಿಲ್ಲ. ಕಲ್ಲು ನೆಡುವಾಗ ಕೆಳಗಿನ ಮನೆಯ ಜಾಗ ತೋರಿಸಲು ಯಾರೂ ಬರಲಿಲ್ಲ, ಅದಕ್ಕೆ ಕಲ್ಲೂ ಆಗಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ.

ಮಂಡಿ ಸ್ವಲ್ಪ ಹಗುರಾದ ಮೇಲೆ, ಮಳೆ ಹಿಡಿಯುವ ಮೊದಲು ಅಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋದೆ. ರಸ್ತೆ ಮುಗಿದಲ್ಲಿಂದ ನನ್ನ ಹೆಗಲು ಹಿಡಿದು ನಡೆದಳು. ಕಾಂಡದ ಬಳೆ ಮುಟ್ಟಿದಳು, ಕಲ್ಲು ಸವರಿದಳು. ಆಮೇಲೆ ತಿರುಗಿ ಎದುರು ಗುಡ್ಡ ನೋಡುತ್ತ ನಿಂತುಬಿಟ್ಟಳು. ಸಂತೋಷಕ್ಕೆ ಹಾಗಾಗಿದೆ ಅಂದುಕೊಂಡೆ.

"ಇದು ನಮ್ಮಂಗಳ ಅಲ್ಲ ಕಣೆ," ಅಂದಳು. "ಅಕ್ಕನ ಅಂಗಳ. ಮರ ಜಾರ್ಕೊಂಡು ಬಂದದೆ."

ನಮ್ಮ ಅಂಗಳದಲ್ಲಿ ನಿಂತರೆ ಎದುರು ಗುಡ್ಡದ ಬಂಡೆ ಬುಡದ ತನಕ ಕಾಣುತ್ತಿತ್ತು. ಈಗ ನಡುವಿನ ದಿಣ್ಣೆಯ ಮೇಲೆ ಅದರ ನೆತ್ತಿ ಮಾತ್ರ ಕಾಣುತ್ತಿತ್ತು. ಕೆಳಗಿನ ಮನೆಯಿಂದ ಕಾಣುತ್ತಿದ್ದದ್ದು ಅಷ್ಟೇ. ನನಗೆ ಆ ಕೆಂಪು ಚೂರು ನೆನಪಾಯಿತು. ನಮ್ಮದು ಬರೀ ಸಿಮೆಂಟಿನ ನೆಲ. ಕೆಂಪು ನೆಲ ಇದ್ದದ್ದು ಅವರ ಮನೆಯಲ್ಲಿ, ಹಣ್ಣು ತರಲು ಹೋದಾಗಲೆಲ್ಲ ತುಳಿದಿದ್ದೇನೆ. ಮಣ್ಣಿನ ಜೊತೆ ಮರ ನಿಂತ ಹಾಗೇ ಕೆಳಗೆ ಸರಿದು ಬಂದಿತ್ತು. ತಲೆಯೆತ್ತಿ ನೋಡಿದೆ. ನಮ್ಮ ಅಂಗಳ ಇರಬೇಕಾದ ಕಡೆ ಕಡಿದಾದ ಕೆಮ್ಮಣ್ಣು, ಒಬ್ಬರು ಕಾಲೂರುವಷ್ಟೂ ನೆಲವಿಲ್ಲ.

ಸಂಘದವರಿಗೆ ಹೇಳಿ ಕಲ್ಲನ್ನು ಆದಷ್ಟು ಮೇಲಕ್ಕೆ ಹಾಕಿಸುತ್ತೇನೆ ಅಂದೆ. ಅಮ್ಮ ಬೇಡವೆಂದು ತಲೆಯಾಡಿಸಿದಳು.

"ನಮ್ಗೆ ಕಲ್ಲು ಬೇಡ. ನಾವು ಇದೀವಲ್ಲ. ಇದ್ರಲ್ಲಿ ಕೆಳಗಿನ ಮನೆ ಅಂತ ಕೆತ್ಸು."

ಹೂಂ ಅಂದೆ. ಅಳು ಬರಬೇಕಿತ್ತೇನೋ, ಬರಲಿಲ್ಲ. ಹೊರಡುವಾಗ ನೋಡಿದರೆ ಮರದ ಬುಡದಲ್ಲಿ ಒಂದು ಹಣ್ಣು ಕಳಚಿ ಬಿದ್ದಿತ್ತು, ಒಡೆದಿರಲಿಲ್ಲ. ಹಳೆಯ ಅಭ್ಯಾಸ, ಎರಡೂ ಕೈಯಲ್ಲಿ ಎತ್ತಿಕೊಂಡೆ. ಅಮ್ಮ ಮುಂದೆ ಹೋದವಳು ನಿಂತು ತಿರುಗಿದಳು.

"ಅಲ್ಲೇ ಇಡು. ಅಕ್ಕನ ಅಂಗಳಕ್ಕೆ ಬಿದ್ದದ್ದು."

ಇಟ್ಟೆ.